ಅಪ್ಪಾಜಿಯ ಪಥ್ಯ

ನೀಲಗಂಗಮ್ಮನ ಎಡಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದ ದಿನ ಮಗಳು ನೇತ್ರಾ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ತಾಯಿಯ ಕೈಚೀಲದಲ್ಲಿ ಆಧಾರ್ ಕಾರ್ಡು ಹುಡುಕುತ್ತಿದ್ದಳು. ಕಾರ್ಡಿಗಿಂತ ಮೊದಲು ಕೈಗೆ ಸಿಕ್ಕಿದ್ದು ಕರವಸ್ತ್ರದಲ್ಲಿ ಸುತ್ತಿಟ್ಟ ಅರ್ಧ ಮೈಸೂರುಪಾಕು. ಹದಿನಾರು ವರ್ಷ ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಲೂ ಮನೆಯವರ ಕಣ್ಣು ತಪ್ಪಿಸಿ ಸಿಹಿ ತಿನ್ನುತ್ತಲೂ ಬಂದ ಹೆಂಗಸು ನೀಲಗಂಗಮ್ಮ. ಕಾಲು ಹೋದ ವರ್ಷದೊಳಗೆ ಕಿಡ್ನಿಯೂ ಹೋಯಿತು. ಕೊನೆಯ ಮೂರು ತಿಂಗಳು ವಾರಕ್ಕೆರಡು ಸಲ ಡಯಾಲಿಸಿಸ್ಸಿಗೆ ಕರೆದುಕೊಂಡು ಹೋದವಳು ನೇತ್ರಾಳೇ. ತಾಯಿಯನ್ನು ಮಣ್ಣು ಮಾಡಿ ಬಂದ ಸಂಜೆ ಸ್ನಾನದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಅತ್ತಾಗ ಅವಳಿಗೆ ತಾಯಿಯ ಮುಖ ನೆನಪಾಗಲಿಲ್ಲ, ಆ ಅರ್ಧ ಮೈಸೂರುಪಾಕು ನೆನಪಾಯಿತು.

ಆಮೇಲೆ ಅವಳು ತಂದೆ ಷಡಕ್ಷರಿಯವರನ್ನು ಚನ್ನರಾಯಪಟ್ಟಣದಿಂದ ಹಾಸನದ ತನ್ನ ಮನೆಗೆ ಕರೆತಂದಳು. ಅವರಿಗೆ ಆಗ ಎಪ್ಪತ್ತನಾಲ್ಕು. ನಲವತ್ತು ವರ್ಷ ದಿನಸಿ ಅಂಗಡಿ ಇಟ್ಟಿದ್ದವರು. ನಾಲ್ಕು ಕಾಳು ರಾಗಿ ಬಾಯಿಗೆ ಹಾಕಿಕೊಂಡರೆ ಹೊಸದೋ ಹಳೆಯದೋ ಹೇಳುತ್ತಿದ್ದರು. ಬೆಲ್ಲದ ಚೂರು ನಾಲಿಗೆಗಿಟ್ಟು ಯಾವ ಕಡೆಯ ಆಲೆಮನೆಯದು ಎಂದು ಗುರುತಿಸುತ್ತಿದ್ದರು. ಹೊಟ್ಟೆಬಾಕರಲ್ಲ, ರುಚಿ ಬಲ್ಲವರು. ಹೆಂಡತಿ ಹೋದ ಮೇಲೆ ಅಂಗಡಿಯ ಮೇಲೆ ಅವರಿಗೂ ಮನಸ್ಸಿರಲಿಲ್ಲ. ಮಗಳು ಬನ್ನಿ ಎಂದಾಗ ಎರಡು ಚೀಲದಲ್ಲಿ ಬಟ್ಟೆ ತುಂಬಿಕೊಂಡು ಬಂದುಬಿಟ್ಟರು.

ನೇತ್ರಾ ಹೊಳೆನರಸೀಪುರದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನದ ಟೀಚರು. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟು ರೈಲು ಹಿಡಿದರೆ ಹಿಂತಿರುಗುವುದು ಸಂಜೆ ಆರಕ್ಕೆ. ಗಂಡ ರಜನೀಶ್ ಹಾಸನದಲ್ಲೇ ಸಹಕಾರ ಬ್ಯಾಂಕಿನಲ್ಲಿದ್ದ. ಒಬ್ಬಳೇ ಮಗಳು ಮೈಸೂರಿನ ಹಾಸ್ಟೆಲಿನಲ್ಲಿದ್ದಳು. ಅಪ್ಪಾಜಿ ಬಂದ ಮೇಲೆ ಖಾಲಿ ಹೊಡೆಯುತ್ತಿದ್ದ ಮನೆಗೆ ಒಂದು ಕೆಮ್ಮು, ಒಂದು ವಿಭೂತಿಯ ವಾಸನೆ, ಬೆಳಗಿನ ಲಿಂಗಪೂಜೆಯ ಗಂಟೆ ಸೇರಿಕೊಂಡವು.

ಬಂದ ತಿಂಗಳೇ ಅವಳು ಅವರ ರಕ್ತ ಪರೀಕ್ಷೆ ಮಾಡಿಸಿದಳು. ಅವರಿಗೂ ಸಕ್ಕರೆ ಇತ್ತು. ಏಳರ ಆಸುಪಾಸಿನಲ್ಲಿರಬೇಕಾದ ಮೂರು ತಿಂಗಳ ಸರಾಸರಿ ಒಂಬತ್ತು ದಾಟಿತ್ತು. ನೇತ್ರಾ ಮರುದಿನವೇ ಅವರನ್ನು ಡಾಕ್ಟರ ಹತ್ತಿರ ಕರೆದೊಯ್ದಳು.

ಡಾಕ್ಟರು ಅನಿಲ್‌ಕುಮಾರ್ ನಿಧಾನದ ಮನುಷ್ಯ. ವರದಿ ನೋಡಿ ಷಡಕ್ಷರಿಯವರ ಕಡೆಗೇ ತಿರುಗಿ ಮಾತಾಡಿದರು. "ಹೆದರೋ ಅಂಥದ್ದೇನಿಲ್ಲ ಯಜಮಾನ್ರೇ. ಎಲ್ಲಾನೂ ತಿನ್ನಿ, ಅಳತೆ ಇರಲಿ. ಮುದ್ದೆ ಚಿಕ್ಕದು ಮಾಡಿ, ಸೊಪ್ಪು ಕಾಳು ಜಾಸ್ತಿ ಮಾಡಿ. ಅನ್ನ ಒಂದು ಸೌಟು. ಸಕ್ಕರೆ ಬೆಲ್ಲ ಬೇಡ. ದಿನಾ ಅರ್ಧ ಗಂಟೆ ನಡೀರಿ." ಆಮೇಲೆ ನೇತ್ರಾಳಿಗೆ ಹೇಳಿದರು, "ನೋಡಿಮ್ಮ, ಈ ಮಾತ್ರೆ ತಗೊಂಡ ಮೇಲೆ ಊಟ ಬಿಡೋ ಹಾಗಿಲ್ಲ. ಅದೊಂದು ಮರೀಬೇಡಿ."

ಎರಡು ತಿಂಗಳು ಹಾಗೇ ನಡೆಯಿತು. ಬೆಳಿಗ್ಗೆ ಎರಡು ಇಡ್ಲಿ, ಮಧ್ಯಾಹ್ನಕ್ಕೆ ಕಿತ್ತಳೆಹಣ್ಣಿನ ಗಾತ್ರದ ಮುದ್ದೆ, ಬಸ್ಸಾರು, ಪಲ್ಯ, ಮಜ್ಜಿಗೆ. ಸಂಜೆ ಮಹಾರಾಜ ಪಾರ್ಕಿನಲ್ಲಿ ಎರಡು ಸುತ್ತು. ಷಡಕ್ಷರಿಯವರು ದೂರಲಿಲ್ಲ. "ಮುದ್ದೆ ಚಿಕ್ಕದಾದಷ್ಟೂ ಸಾರಿನ ರುಚಿ ಜಾಸ್ತಿ ಕಣ್ ಮಗಾ," ಅನ್ನುತ್ತಿದ್ದರು. ಹೆಂಡತಿ ಹೋದ ಮೇಲೆ ಬತ್ತಿದ್ದ ಮುಖಕ್ಕೆ ಸ್ವಲ್ಪ ಕಳೆಯೂ ಬಂತು. ಮತ್ತೆ ಪರೀಕ್ಷೆ ಮಾಡಿಸಿದಾಗ ಖಾಲಿ ಹೊಟ್ಟೆಯ ಸಕ್ಕರೆ ನೂರಾ ಮೂವತ್ತೆಂಟು. ಡಾಕ್ಟರು ತೃಪ್ತಿಯಿಂದ ತಲೆದೂಗಿ, ಈ ವಯಸ್ಸಿಗೆ ಇಷ್ಟಿದ್ದರೆ ಸಾಕು, ಇನ್ನೂ ಕೆಳಗೆ ಎಳೆಯುವುದು ಬೇಡ ಅಂದರು.

ನೇತ್ರಾಳಿಗೆ ಅದು ಸಾಕಾಗಲಿಲ್ಲ. ಲ್ಯಾಬಿನ ಚೀಟಿಯಲ್ಲಿ ನೂರರ ಒಳಗಿದ್ದರೆ ಸರಿ ಎಂದು ಅಚ್ಚಾಗಿತ್ತು. ನೂರಾ ಮೂವತ್ತೆಂಟರ ಕೆಳಗೆ ಲ್ಯಾಬಿನವರು ಗೆರೆ ಎಳೆದಿದ್ದರು. ಅವ್ವನ ಚೀಟಿಗಳಲ್ಲೂ ಹೀಗೇ ಗೆರೆ ಇರುತ್ತಿತ್ತು. ಆಗ ತಾನು ಸಡಿಲ ಬಿಟ್ಟೆ, ಅದಕ್ಕೇ ಅವ್ವ ಹಾಗಾದಳು ಅನ್ನುವುದು ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಅದನ್ನು ಅವಳು ಯಾರಿಗೂ ಹೇಳಿದವಳಲ್ಲ.

ರೈಲಿನಲ್ಲಿ ಮೊಬೈಲು ನೋಡುತ್ತಿದ್ದಾಗ ಸಿಕ್ಕವರು ಶಿವರಂಜನಿ ಮೇಡಂ. ಅವರು ಡಾಕ್ಟರಲ್ಲ; ತಮ್ಮ ಯಜಮಾನರ ಸಕ್ಕರೆಯನ್ನು ಊಟದಿಂದಲೇ ಓಡಿಸಿದೆ ಎಂದು ವಿಡಿಯೋದಲ್ಲಿ ಹೇಳುತ್ತಿದ್ದರು. ಮಾತಿನಲ್ಲಿ ಅಕ್ಕರೆಯಿತ್ತು, ಗದರಿಕೆಯೂ ಇತ್ತು. "ನಿಮ್ಮವರನ್ನ ನೀವು ಪ್ರೀತಿಸೋದು ನಿಜವಾದ್ರೆ ಅವರ ಬಾಯಿಗೆ ಬೀಗ ಹಾಕಿ," ಅಂದ ಮಾತು ನೇತ್ರಾಳಿಗೆ ತನಗೇ ಹೇಳಿದಂತೆ ಕೇಳಿಸಿತು. ಅವರ ವಾಟ್ಸಾಪ್ ಗುಂಪಿಗೆ ಸೇರಿದಳು. ಗುಂಪಿನ ಹೆಸರು 'ಮಾತ್ರೆಯಿಲ್ಲದ ಮನೆ'.

ಮೊದಲ ವಾರ ಅಕ್ಕಿ ಹೋಯಿತು. ಎರಡನೆಯ ವಾರ ರಾಗಿ, ಗೋಧಿ, ಜೋಳ. ಆಮೇಲೆ ಹಾಲು, ಹಣ್ಣು, ಕಾಳು, ಕಾಯಿತುರಿ. ಬೆಳಿಗ್ಗೆ ಒಂದು ಲೋಟ ಸೋರೆಕಾಯಿ ರಸ. ಮಧ್ಯಾಹ್ನ ಎರಡಕ್ಕೆ ದಿನದ ಒಂದೇ ಊಟ: ಸೌತೆಕಾಯಿ, ಬೇಯಿಸಿದ ನವಿಲುಕೋಸು, ಹಿಡಿ ಸೊಪ್ಪು, ನೀರು ಮಜ್ಜಿಗೆ. ಕತ್ತಲಾದ ಮೇಲೆ ಬಿಸಿನೀರು ಮಾತ್ರ. ಸೋಮವಾರ 'ದ್ರವದ ದಿನ', ಅಂದು ಆ ಊಟವೂ ಇಲ್ಲ. ನೇತ್ರಾ ಬೆಳಿಗ್ಗೆ ಹೊರಡುವ ಮೊದಲೇ ತಟ್ಟೆಗೆ ಬಡಿಸಿ ಮುಚ್ಚಿಡುತ್ತಿದ್ದಳು; ಅದರ ಫೋಟೋ ತೆಗೆದು ದಿನವೂ ಗುಂಪಿಗೆ ಹಾಕಬೇಕು. ಹಾಕಿದರೆ ಚಪ್ಪಾಳೆಯ ಚಿತ್ರಗಳು ಸಾಲಾಗಿ ಬರುತ್ತಿದ್ದವು.

ಈ ಊಟ ಹಿಡಿದವರಿಗೆ ಮಾತ್ರೆ ಬೇಕಿಲ್ಲ ಎಂದು ಶಿವರಂಜನಿ ಮೇಡಂ ಹೇಳುತ್ತಿದ್ದರು. ನೇತ್ರಾ ಅಷ್ಟು ದೂರ ಹೋಗಲಿಲ್ಲ. ಮಾತ್ರೆ ನಿಲ್ಲಿಸುವಂಥ ದಡ್ಡಿ ನಾನಲ್ಲ ಅಂದುಕೊಂಡಳು. ಪಥ್ಯವೂ ಇರಲಿ ಮಾತ್ರೆಯೂ ಇರಲಿ, ಎರಡು ಕಡೆಯಿಂದಲೂ ಕಾವಲಿರಲಿ ಎಂಬುದು ಅವಳ ಲೆಕ್ಕ. ಡಾಕ್ಟರ ಹತ್ತಿರ ತಿಂಗಳಿಗೊಮ್ಮೆ ಹೋಗಬೇಕಿತ್ತು. ಹೋದರೆ ಅವರು ಮತ್ತೆ ಅನ್ನ ತಿನ್ನಿಸಿ ಅನ್ನುತ್ತಾರೆ, ಯಾಕೆ ಹೋಗುವುದು ಎಂದು ಬಿಟ್ಟಳು. ಮಾತ್ರೆಯನ್ನು ಹಳೆಯ ಚೀಟಿ ತೋರಿಸಿ ತರುತ್ತಿದ್ದಳು.

ಮೊದಲ ದಿನ ಆ ತಟ್ಟೆ ನೋಡಿ ಷಡಕ್ಷರಿಯವರು ನಕ್ಕರು. "ಇದ್ಯಾವೂರ ಊಟ ಮಗಾ?" ಅಂದರು. ಒಂದು ತಿಂಗಳಾದ ಮೇಲೆ ನಗುವುದನ್ನು ಬಿಟ್ಟರು. ಕೇಳುವುದನ್ನೂ ಬಿಟ್ಟರು. ಹೊತ್ತಾದರೆ ಮುಚ್ಚಿಟ್ಟ ತಟ್ಟೆ ತೆಗೆದು ತಿನ್ನುವರು, ಮುಗಿದರೆ ಎದ್ದು ಕೈತೊಳೆಯುವರು. ಮನೆಯಲ್ಲೇ ಬೆರಳು ಚುಚ್ಚಿ ನೋಡುವ ಮೀಟರಿನಲ್ಲಿ ಸಕ್ಕರೆ ನೂರಾ ಹತ್ತಕ್ಕೆ ಬಂತು, ತೊಂಬತ್ತಕ್ಕೆ ಬಂತು, ಒಂದು ಬೆಳಿಗ್ಗೆ ಎಂಬತ್ತೆರಡು ತೋರಿಸಿತು. ಆ ದಿನ ನೇತ್ರಾ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಮೀಟರಿನ ಫೋಟೋ ತೋರಿಸಿದಳು. ಅಪ್ಪಾಜಿಯ ಅಂಗಿಯ ಕಾಲರು ಕತ್ತಿನಿಂದ ಎರಡು ಬೆರಳು ದೂರ ನಿಂತಿದ್ದು ಅವಳಿಗೆ ಆರೋಗ್ಯವಾಗಿಯೇ ಕಂಡಿತು.

ರಜನೀಶ್ ಒಂದು ಸಲ ಕೇಳಿದ. "ಮಾವನೋರಿಗೆ ಇಷ್ಟು ಸಾಕಾಗತ್ತಾ ನೇತ್ರಾ? ಮೆಟ್ಟಿಲು ಹತ್ತುವಾಗ ಗೋಡೆ ಹಿಡ್ಕೋತಾರೆ."

"ಅವ್ವನ ಕಾಲು ಕತ್ತರಿಸೋಕೆ ಸಹಿ ಹಾಕಿದ್ದು ನಾನು," ಅಂದಳು. "ನೀವಲ್ಲ."

ಆಮೇಲೆ ಅವನು ಆ ವಿಷಯ ಎತ್ತಲಿಲ್ಲ.

ವೈಶಾಖದಲ್ಲಿ ಅರಕಲಗೂಡಿನಲ್ಲಿ ಷಡಕ್ಷರಿಯವರ ತಮ್ಮನ ಮೊಮ್ಮಗಳ ಮದುವೆಯಾಯಿತು. ವರ್ಷಾನುಗಟ್ಟಲೆ ಕಾಣದ ನೆಂಟರೆಲ್ಲ ಸಿಕ್ಕ ಸಂತೋಷದಲ್ಲಿ ಅವರು ಊಟದ ಪಂಕ್ತಿಯಲ್ಲಿ ಕೂತುಬಿಟ್ಟರು. ಎಲೆಯ ತುದಿಗೆ ಉಪ್ಪು, ಉಪ್ಪಿನಕಾಯಿ ಬಂತು, ಕೋಸಂಬರಿ ಬಂತು. ಬಡಿಸುವವರು ಅನ್ನದ ಬಕೆಟ್ಟು ಹಿಡಿದು ಅವರೆದುರು ಬಂದಾಗ ನೇತ್ರಾ ಹೆಂಗಸರ ಸಾಲಿನಿಂದ ಎದ್ದು ಬಂದು ಎಲೆಯ ಮೇಲೆ ಅಂಗೈ ಅಡ್ಡ ಹಿಡಿದಳು. ಚೀಲದಿಂದ ಸ್ಟೀಲ್ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿ ಇಟ್ಟಳು. ಒಳಗೆ ಸೌತೆಕಾಯಿ ಹೋಳು. ಅಕ್ಕಪಕ್ಕದವರು ತಿನ್ನುವುದನ್ನು ನಿಲ್ಲಿಸಿ ನೋಡಿದರು.

"ನಮ್ಮನೇಲಿ ಮಗಳೇ ಡಾಕ್ಟ್ರು," ಅಂದರು ಷಡಕ್ಷರಿಯವರು ಎಲ್ಲರಿಗೂ ಕೇಳುವ ಹಾಗೆ. "ಅವಳ ಮಾತು ಮೀರೋ ಹಾಗಿಲ್ಲಪ್ಪ." ಒಂದು ಹೋಳು ಬಾಯಿಗಿಟ್ಟುಕೊಂಡು ನಿಧಾನಕ್ಕೆ ಅಗಿದರು. ಪಕ್ಕದಲ್ಲಿ ಒಬ್ಬಟ್ಟಿಗೆ ತುಪ್ಪ ಬೀಳುತ್ತಿತ್ತು. ಅವರು ಆ ಕಡೆ ತಿರುಗಲಿಲ್ಲ. ಬಸ್ಸಿನಲ್ಲಿ ಬರುವಾಗ ಕಿಟಕಿಯ ಪಕ್ಕ ಕೂತು ಹಾಸನದವರೆಗೂ ಕಣ್ಣು ಮುಚ್ಚಿಕೊಂಡಿದ್ದರು. ನಿದ್ದೆಯೇನೋ ಅಂದುಕೊಂಡಳು ನೇತ್ರಾ.

ಎದುರು ಮನೆಯಲ್ಲಿ ಲಕ್ಷ್ಮಿದೇವಮ್ಮ ಎಂಬ ಹೆಂಗಸಿದ್ದಳು. ಹರದನಹಳ್ಳಿ ಕಡೆಯವಳು, ಅರವತ್ತೈದು ದಾಟಿದ ವಿಧವೆ. ಮಧ್ಯಾಹ್ನದ ಹೊತ್ತು ಷಡಕ್ಷರಿಯವರು ಕಾಂಪೌಂಡಿನ ಕಟ್ಟೆಯ ಮೇಲೆ ಕೂತಾಗ ಅವಳೂ ಬಂದು ಅವರೆಕಾಯಿ ಸುಲಿಯುತ್ತಲೋ ಬತ್ತಿ ಹೊಸೆಯುತ್ತಲೋ ಕೂರುತ್ತಿದ್ದಳು. ಅವರನ್ನು ಅಣ್ಣ ಅನ್ನುತ್ತಿದ್ದಳು. ಒಂದು ಸಂಜೆ ನೇತ್ರಾ ಗೇಟು ತೆಗೆಯುವಾಗ ಅವಳೇ ಮಾತಾಡಿಸಿದಳು.

"ನೇತ್ರವ್ವ, ನಾನಂದೆ ಅಂತ ಬ್ಯಾಸ್ರ ಮಾಡ್ಕಬ್ಯಾಡ. ಅಣ್ಣ ದಿನೇ ದಿನೇ ಇಳ್ದೋಯ್ತಾ ಅವ್ರೆ. ನಿನ್ನೆ ಕೂತಿದ್ದಂಗೇ ಕೈ ನಡುಗ್ತು, ಮೈಯೆಲ್ಲ ಬೆವರು. ವಯಸ್ಸಾದೋರ ಹೊಟ್ಟೆ ಉರಿಸ್ಬಾರ್ದು ಕಣವ್ವ. ಒಂದ್ ತುತ್ತು ಮುದ್ದೆ ತಿಂದ್ರೆ ಏನಾಯ್ತದೆ?"

"ಏನಾಗತ್ತೆ ಅಂತ ನಾನು ನೋಡಿದೀನಿ ಲಕ್ಷ್ಮಿದೇವಮ್ನೋರೇ," ಅಂದಳು ನೇತ್ರಾ. ಧ್ವನಿ ತಾನಂದುಕೊಂಡದ್ದಕ್ಕಿಂತ ಗಟ್ಟಿಯಾಯಿತು. "ದಯವಿಟ್ಟು ನೀವು ಅವರಿಗೆ ಏನೂ ಕೊಡಬೇಡಿ. ಒಂದು ಲೋಟ ಕಾಫೀನೂ ಕೊಡಬೇಡಿ. ನೀವು ಪಾಪ ಅಂತ ಕೊಡ್ತೀರಿ, ಆಮೇಲೆ ಆಸ್ಪತ್ರೆ ಬಾಗಿಲು ಕಾಯೋಳು ನಾನು."

ಲಕ್ಷ್ಮಿದೇವಮ್ಮ ಮುಖ ಚಿಕ್ಕದು ಮಾಡಿಕೊಂಡು ಒಳಗೆ ಹೋದಳು. ಕೈ ನಡುಗಿದ್ದು, ಬೆವರಿದ್ದು ಏನು ಎಂದು ನೇತ್ರಾ ಆ ರಾತ್ರಿ ಗುಂಪಿನಲ್ಲಿ ಕೇಳಿದಳು. 'ಮೈಯಿಂದ ವಿಷ ಹೊರಗೆ ಹೋಗುವಾಗ ಹಾಗಾಗುತ್ತದೆ, ಒಳ್ಳೆಯ ಲಕ್ಷಣ' ಎಂದು ಉತ್ತರ ಬಂತು. ಒಂಬತ್ತನೆಯ ತರಗತಿಗೆ ರಕ್ತದ ಪಾಠ ಹೇಳುವವಳು ಆ ಉತ್ತರವನ್ನು ನಂಬಿದಳು. ನಂಬಬೇಕೆಂದು ಅವಳಿಗೆ ಅಷ್ಟು ಆಸೆಯಿತ್ತು.

ಅದಾದ ಹತ್ತು ದಿನಕ್ಕೆ ಬಾಳೆಹಣ್ಣಿನ ಪ್ರಸಂಗ ನಡೆಯಿತು. ಭಾನುವಾರ ಕಸದ ಚೀಲ ಕಟ್ಟುವಾಗ ದಿನಪತ್ರಿಕೆಯ ಸುರುಳಿಯೊಳಗೆ ಎರಡು ಏಲಕ್ಕಿ ಬಾಳೆಯ ಸಿಪ್ಪೆ ಕಂಡವು. ದೇವರ ಮುಂದೆ ಇಟ್ಟಿದ್ದ ಹಣ್ಣು. ನೇತ್ರಾಳ ಕಣ್ಣ ಮುಂದೆ ಕರವಸ್ತ್ರದ ಮೈಸೂರುಪಾಕು ಬಂದು ನಿಂತಿತು. ಸಿಪ್ಪೆಯನ್ನು ಹಾಗೇ ಹಿಡಿದುಕೊಂಡು ಅಪ್ಪಾಜಿಯ ಕೋಣೆಗೆ ಹೋದಳು.

"ನೀವೂ ಶುರು ಮಾಡಿದ್ರಾ ಅಪ್ಪಾಜಿ?"

ಅವರು ಮಂಚದ ಮೇಲಿನಿಂದ ಎದ್ದು ನಿಂತರು. ಜೀವಮಾನದಲ್ಲಿ ಯಾರ ಎದುರಿಗೂ ಕೈಕಟ್ಟಿ ನಿಲ್ಲದ ಮನುಷ್ಯ ಮಗಳ ಎದುರು ತಪ್ಪು ಮಾಡಿದವರ ಹಾಗೆ ನಿಂತರು.

"ಕಣ್ಣು ಕತ್ತಲೆ ಬಂದಂಗಾಯ್ತು ಮಗಾ," ಅಂದರು. "ಅದಕ್ಕೇ."

"ಅವ್ವನೂ ಹೀಗೇ ಒಂದೊಂದು ನೆಪ ಹೇಳ್ತಿದ್ಲು." ನೇತ್ರಾ ಅಲ್ಲೇ ನೆಲದ ಮೇಲೆ ಕೂತು ಅಳಲು ಶುರು ಮಾಡಿದಳು. "ಅವಳನ್ನ ಕಳ್ಕೊಂಡೆ. ನಿಮ್ಮನ್ನೂ ಕಳ್ಕೊಳ್ಳೋ ಶಕ್ತಿ ನನಗಿಲ್ಲ. ನಾನು ನಿಮಗೆ ಬೇಡದೋಳಾಗಿದ್ರೆ ಹೇಳಿಬಿಡಿ."

ಷಡಕ್ಷರಿಯವರು ಗೋಡೆ ಹಿಡಿದು ಅವಳ ಪಕ್ಕ ಕೂತರು. ತಲೆಯ ಮೇಲೆ ಕೈಯಿಟ್ಟರು. ಆ ಕೈಯಲ್ಲಿ ಭಾರವೇ ಇರಲಿಲ್ಲ.

"ಅಳಬೇಡ ಕಣವ್ವ. ತಪ್ಪಾಯ್ತು." ಎದೆಯ ಮೇಲೆ ತೂಗುತ್ತಿದ್ದ, ಇಷ್ಟಲಿಂಗವಿದ್ದ ಬೆಳ್ಳಿ ಕರಡಿಗೆಯನ್ನು ಮುಟ್ಟಿಕೊಂಡರು. "ಲಿಂಗದ ಮೇಲೆ ಆಣೆ ಮಾಡ್ತೀನಿ. ಇನ್ಮೇಲೆ ನಿನ್ನ ಕೇಳದೆ ಒಂದು ಅಗುಳೂ ಬಾಯಿಗಿಡಲ್ಲ. ಸಮಾಧಾನ ಮಾಡ್ಕೋ."

ನೇತ್ರಾ ಸಮಾಧಾನ ಮಾಡಿಕೊಂಡಳು. ಆದರೂ ಆ ಮಧ್ಯಾಹ್ನವೇ ಅವಲಕ್ಕಿ, ಬೆಲ್ಲ, ಕಡಲೆಬೀಜ, ಹಣ್ಣಿನ ಬುಟ್ಟಿ ಎಲ್ಲವನ್ನೂ ತನ್ನ ಕೋಣೆಯ ಬೀರುವಿಗೆ ಸಾಗಿಸಿ ಬೀಗ ಹಾಕಿದಳು. ಬೀಗದ ಕೈ ವ್ಯಾನಿಟಿ ಬ್ಯಾಗಿನಲ್ಲಿ ಹೊಳೆನರಸೀಪುರಕ್ಕೆ ಹೋಗಿ ಬರುತ್ತಿತ್ತು. ಷಡಕ್ಷರಿಯವರು ಅದನ್ನು ನೋಡಿದರು.

ಶ್ರಾವಣದ ಎರಡನೆಯ ಸೋಮವಾರ. ದ್ರವದ ದಿನ. ಬೆಳಿಗ್ಗೆ ಏಳೂವರೆಗೆ ನೇತ್ರಾ ಸೋರೆಕಾಯಿ ರಸದ ಲೋಟವನ್ನೂ ಎರಡು ಮಾತ್ರೆಯನ್ನೂ ತಂದೆಯ ಮುಂದಿಟ್ಟಳು. ಅವರು ಮಾತ್ರೆ ನುಂಗಿ ರಸ ಕುಡಿದರು. ಲೋಟ ಕೊಡುವಾಗ ಅವಳ ಮಣಿಕಟ್ಟು ಹಿಡಿದುಕೊಂಡು, "ಇವತ್ತು ಹೋಗಲೇಬೇಕಾ ಮಗಾ?" ಅಂದರು. ಪರೀಕ್ಷೆ ನಡೆಯುತ್ತಿದೆ, ರಜೆ ಹಾಕುವ ಹಾಗಿಲ್ಲ ಅಂದಳು. "ಹೂಂ, ಹೋಗ್ಬಾ," ಅಂದರು. ಅವಳು ರೈಲಿಗೆ ತಡವಾಯಿತೆಂದು ಓಡಿದಳು.

ಬೆಳಗಿನ ಪರೀಕ್ಷೆಯ ಮೇಲ್ವಿಚಾರಣೆ ಮುಗಿಸಿ ಸ್ಟಾಫ್ ರೂಮಿಗೆ ಬಂದು ಮೊಬೈಲು ನೋಡಿದಾಗ ಲಕ್ಷ್ಮಿದೇವಮ್ಮನಿಂದ ಮೂರು ಕರೆ ಬಂದಿದ್ದವು. ಮತ್ತೆ ಊಟದ ವಿಚಾರ ತೆಗೆಯುತ್ತಾಳೆ ಎಂದು ನೇತ್ರಾ ತಿರುಗಿ ಮಾಡಲಿಲ್ಲ. ನಾಲ್ಕೂವರೆಗೆ ರಜನೀಶನ ಕರೆ ಬಂತು. ಅವನ ಧ್ವನಿ ಬೇರೆಯಾಗಿತ್ತು. "ಮಾವನೋರು ಏಳ್ತಾ ಇಲ್ಲ. ಆಂಬುಲೆನ್ಸಲ್ಲಿದೀವಿ. ನೀನು ಸೀದಾ ಆಸ್ಪತ್ರೆಗೆ ಬಾ," ಅಂದ.

ಸಹೋದ್ಯೋಗಿಯ ಕಾರಿನಲ್ಲಿ ಹೊಳೆನರಸೀಪುರದಿಂದ ಹಾಸನಕ್ಕೆ ಬಂದ ಆ ಮುಕ್ಕಾಲು ಗಂಟೆಯ ದಾರಿಯಲ್ಲಿ ಏನೇನು ಕಂಡೆ ಎಂದು ಅವಳಿಗೆ ಇವತ್ತಿಗೂ ನೆನಪಿಲ್ಲ. ಸಕ್ಕರೆ ಏರಿರಬೇಕು, ಯಾರೋ ಏನೋ ತಿನ್ನಿಸಿರಬೇಕು ಎಂದೇ ದಾರಿಯುದ್ದಕ್ಕೂ ಅಂದುಕೊಂಡಿದ್ದು ಮಾತ್ರ ನೆನಪಿದೆ.

ತುರ್ತು ವಿಭಾಗದಲ್ಲಿ ಅನಿಲ್‌ಕುಮಾರ್ ಡಾಕ್ಟರೇ ಇದ್ದರು. ಷಡಕ್ಷರಿಯವರ ಎರಡೂ ಕೈಗೆ ಸೂಜಿ ಚುಚ್ಚಿದ್ದರು. ತೆರೆದ ಬಾಯಿ, ಒಳಗೆ ಹೋದ ಕೆನ್ನೆ. ಬಿಳಿಯ ಹಾಸಿಗೆಯ ಮೇಲೆ ನೋಡಿದಾಗ ಅವಳಿಗೆ ಅವರು ಎಷ್ಟು ಚಿಕ್ಕವರಾಗಿದ್ದಾರೆ ಎಂಬುದು ಮೊದಲ ಸಲ ಕಂಡಿತು.

"ಸಕ್ಕರೆ ಎಷ್ಟಿತ್ತು ಡಾಕ್ಟ್ರೇ?"

"ಇಪ್ಪತ್ತನಾಲ್ಕು," ಅಂದರು ಡಾಕ್ಟರು. "ಕೊನೇ ಸಲ ಊಟ ಮಾಡಿದ್ದು ಯಾವಾಗ?"

ಅವಳು ಭಾನುವಾರ ಮಧ್ಯಾಹ್ನ ಅಂದಳು. ಏನು ತಿಂದರು ಎಂದು ಕೇಳಿದರು. ಹೇಳಿದಳು. ಎಷ್ಟು ದಿನದಿಂದ ಎಂದು ಕೇಳಿದರು. ಅದನ್ನೂ ಹೇಳಿದಳು. ಮಾತ್ರೆ ನಿಲ್ಲಿಸಿದ್ದಿರಾ ಎಂದು ಕೇಳಿದಾಗ, ಇಲ್ಲ, ಒಂದು ದಿನವೂ ತಪ್ಪಿಸಿಲ್ಲ ಅಂದಳು. ಆ ಮಾತು ಹೇಳುವಾಗ ಅವಳ ಧ್ವನಿಯಲ್ಲಿ ಇನ್ನೂ ಒಂದಿಷ್ಟು ಹೆಮ್ಮೆ ಉಳಿದಿತ್ತು. ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಮಾತ್ರೆ ಸಕ್ಕರೆ ಇಳಿಸೋ ಕೆಲಸ ಮಾಡತ್ತಮ್ಮ. ಇಳಿಸೋಕೆ ಒಳಗೆ ಏನಾದ್ರೂ ಇರಬೇಕಲ್ಲ. ಊಟ ಕೊಡಬೇಕಿತ್ತು. ಇಲ್ಲ, ನನ್ನ ಹತ್ತಿರ ಬಂದಿದ್ರೆ ನಾನೇ ಮಾತ್ರೆ ಕಮ್ಮಿ ಮಾಡ್ತಿದ್ದೆ." ಅವರು ಗದರಲಿಲ್ಲ. ಗದರಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. "ಈಗ ಗ್ಲೂಕೋಸ್ ಏರ್ತಾ ಇದೆ. ಜೀವಕ್ಕೆ ತೊಂದರೆ ಇರಲ್ಲ ಅನ್ಸತ್ತೆ. ಆದ್ರೆ ಮಿದುಳಿಗೆ ಬಹಳ ಹೊತ್ತು ಸಕ್ಕರೆ ಸಿಕ್ಕಿಲ್ಲ. ಅದು ಏನು ಮಾಡಿದೆ ಅಂತ ಎಚ್ಚರವಾದ ಮೇಲೇ ಗೊತ್ತಾಗೋದು."

ಕಾರಿಡಾರಿನ ಬೆಂಚಿನ ಮೇಲೆ ಲಕ್ಷ್ಮಿದೇವಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಬಂದಿದ್ದಳು. ನೇತ್ರಾಳನ್ನು ಕಂಡು ಎದ್ದು ನಿಂತಳು. ನಡೆದದ್ದನ್ನು ಅವಳು ಹೇಳಿದ್ದು ಹೀಗೆ.

"ಅನ್ನೊಂದು ಗಂಟೆಗೆ ಕಟ್ಟೆ ಮ್ಯಾಲೆ ಬಂದು ಕುಂತ್ರು ಕಣವ್ವ. ಮಾತು ತೊದಲ್ತಿತ್ತು. ಅಂಗಿಯೆಲ್ಲ ಒದ್ದೆ. ನಂಗೆ ಗಾಬ್ರಿ ಆಗಿ ಒಂದ್ ಲೋಟ ಕಾಫಿಗೆ ಸಕ್ರೆ ಆಕಿ ತಂದೆ. ನೀನು ಬೈತೀಯ ಅಂತ ಗೊತ್ತಿತ್ತು, ಆದ್ರೂ ತಂದೆ. ಬಾಯತ್ರ ಇಡ್ದೆ. ತುಟಿ ಬಿಗಿ ಇಡ್ಕಂಡ್ರು. 'ಬ್ಯಾಡ ತಾಯಿ, ಮಗಳಿಗೆ ಮಾತು ಕೊಟ್ಟಿವ್ನಿ, ಅವಳನ್ನ ಕೇಳ್ದೆ ಕುಡಿಯಾಕಿಲ್ಲ' ಅಂದ್ರು. ನಿಂಗೆ ಪೋನ್ ಮಾಡ್ದೆ. ಎತ್ತಲಿಲ್ಲ. ಇನ್ನೆರಡ್ ಸಲ ಮಾಡ್ದೆ. ಅಣ್ಣ ಕಾಯ್ತಾನೇ ಇದ್ರು, 'ಏನಂದ್ಲು, ಕುಡಿಬೌದಂತಾ' ಅಂತ ಕೇಳಿದ್ರು. ಆಮೇಲೆ ನಿದ್ದೆ ಬತ್ತದೆ ಅಂತ ಒಳಿಕ್ ಓಗಿ ಮಲಿಕ್ಕಂಡ್ರು. ಮಲಗ್ಲಿ ಅಂದ್ಕಂಡೆ. ನಾಕ್ ಗಂಟೆಗೆ ಓಗಿ ನೋಡುದ್ರೆ ಎಷ್ಟ್ ಎಬ್ಬುಸುದ್ರೂ ಏಳ್ನಿಲ್ಲ, ನಿನ್ ಗಂಡಂಗೆ ಪೋನ್ ಮಾಡ್ದೆ. ಬಲವಂತ್ವಾಗಿ ಕುಡಿಸ್ಬೇಕಿತ್ತು ಕಣವ್ವ ನಾನು. ನಿಂಗ್ ಎದ್ರಿಕಂಡು ಬುಟ್ಬುಟ್ಟೆ."

ನೇತ್ರಾ ಅವಳ ಕೈ ಹಿಡಿದುಕೊಂಡಳು. ಆ ಮುದುಕಿಯ ಕಾಲ ಹತ್ತಿರವೇ ಕುಸಿದು, ಅವಳ ಮೊಣಕಾಲಿಗೆ ಹಣೆಯಿಟ್ಟು ಬಹಳ ಹೊತ್ತು ಹಾಗೇ ಇದ್ದಳು. ಬಂದು ಹೋಗುವವರು ಯಾರೋ ತೀರಿಕೊಂಡಿರಬೇಕು ಎಂದುಕೊಂಡು ಪಕ್ಕಕ್ಕೆ ಸರಿದು ನಡೆದರು.

ಮೂರನೆಯ ದಿನ ಗುಂಪಿಗೆ ಒಂದು ಸಂದೇಶ ಬರೆದಳು. ನಡೆದದ್ದನ್ನು ಐದಾರು ಸಾಲಿನಲ್ಲಿ ಹೇಳಿ, ಮಾತ್ರೆ ತೆಗೆದುಕೊಳ್ಳುವವರು ದಯವಿಟ್ಟು ಡಾಕ್ಟರನ್ನು ಕೇಳದೆ ಈ ಊಟ ಹಿಡಿಯಬೇಡಿ ಅಂದಳು. ಅದರ ಕೆಳಗೆ ಯಾರೋ ಬೇಯಿಸಿದ ಹೂಕೋಸಿನ ತಟ್ಟೆಯ ಫೋಟೋ ಹಾಕಿದರು. ಅದಕ್ಕೆ ಎಂದಿನಂತೆ ಚಪ್ಪಾಳೆಗಳು ಬಂದವು. ಸಂಜೆಗೆ ಶಿವರಂಜನಿ ಮೇಡಂ ಅವಳೊಬ್ಬಳಿಗೇ ಬರೆದರು: 'ಮಾತ್ರೆ ಬೇಡ ಎಂದು ನಾನು ಮೊದಲೇ ಹೇಳಿದ್ದೆ. ನೀವು ಪೂರ್ತಿ ನಂಬಲಿಲ್ಲ.' ಸ್ವಲ್ಪ ಹೊತ್ತಿಗೆ ನೇತ್ರಾಳನ್ನು ಗುಂಪಿನಿಂದ ತೆಗೆದುಹಾಕಿದ್ದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದಳು. ಸಿಟ್ಟು ಎಷ್ಟು ದೂರ ಹೋದರೂ ತಿರುಗಿ ತನ್ನ ಬ್ಯಾಗಿನಲ್ಲಿದ್ದ ಬೀಗದ ಕೈಯ ಹತ್ತಿರವೇ ಬರುತ್ತಿತ್ತು.

ಹನ್ನೊಂದು ದಿನ ಐಸಿಯು, ಮತ್ತೆ ಮೂರು ವಾರ ವಾರ್ಡು. ಷಡಕ್ಷರಿಯವರು ಕಣ್ಣು ಬಿಟ್ಟರು, ಎದ್ದು ಕೂತರು, ಹಿಡಿದುಕೊಂಡರೆ ನಡೆದರು. ಆದರೆ ಕಣ್ಣು ಬಿಟ್ಟವರು ಪೂರ್ತಿ ಹಿಂತಿರುಗಲಿಲ್ಲ. ಚನ್ನರಾಯಪಟ್ಟಣದ ಅಂಗಡಿ ನೆನಪಿತ್ತು, ನೀಲಗಂಗಮ್ಮ ಸತ್ತದ್ದು ನೆನಪಿತ್ತು, ಇವತ್ತು ಯಾವ ವಾರ ಎನ್ನುವುದು ತಿಳಿಯುತ್ತಿರಲಿಲ್ಲ. ರಜನೀಶನನ್ನು ಬ್ಯಾಂಕಿನವರು ಅನ್ನುತ್ತಿದ್ದರು. ನೇತ್ರಾಳನ್ನು ನೋಡಿ ಪರಿಚಯದ ನಗೆ ನಗುತ್ತಿದ್ದರು, ಹೆಸರು ಕರೆಯುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ನೋಡಿಕೊಳ್ಳುತ್ತಿದ್ದವರಲ್ಲಿ ಒಬ್ಬಳು ಎಂದು ತಿಳಿದಿದ್ದರೋ ಏನೋ. "ಅಮ್ಮಾ" ಅನ್ನುತ್ತಿದ್ದರು, ಬಹುವಚನದಲ್ಲಿ ಮಾತಾಡುತ್ತಿದ್ದರು.

ನೇತ್ರಾ ಶಾಲೆಗೆ ದೀರ್ಘ ರಜೆ ಹಾಕಿದಳು. ಡಾಕ್ಟರು ಊಟದ ಕ್ರಮ ಬರೆದುಕೊಟ್ಟರು. ಮೊದಲ ಎರಡು ತಿಂಗಳು ಮಾಡಿದ್ದಂಥದ್ದೇ ಊಟ: ಚಿಕ್ಕ ಮುದ್ದೆ, ಸೊಪ್ಪಿನ ಸಾರು, ಕಾಳು, ಒಂದು ಸೌಟು ಅನ್ನ, ಒಂದು ಹಣ್ಣು, ಹೊತ್ತಿಗೆ ಸರಿಯಾಗಿ, ದಿನಕ್ಕೆ ನಾಲ್ಕು ಸಲ. ಸಕ್ಕರೆಯ ಮಾತ್ರೆ ಅರ್ಧಕ್ಕಿಳಿಯಿತು. ಓದಿದಾಗ ಅವಳಿಗೆ ಅನ್ನಿಸಿದ್ದು ಒಂದೇ: ಎಲ್ಲ ಎಷ್ಟು ಸರಳವಾಗಿತ್ತು.

ಮನೆಗೆ ಬಂದ ಮೊದಲ ಮಧ್ಯಾಹ್ನ ಮುದ್ದೆ ಬಸ್ಸಾರು ಬಡಿಸಿ ತಟ್ಟೆ ಮುಂದಿಟ್ಟಳು. ಷಡಕ್ಷರಿಯವರು ತಟ್ಟೆಯನ್ನು ನೋಡಿದರು, ಅವಳನ್ನು ನೋಡಿದರು. ಕೈ ಮುಂದೆ ಬರಲಿಲ್ಲ.

"ಇದು ನನಗಾ ಅಮ್ಮಾ?"

"ನಿಮಗೇ. ತಿನ್ನಿ."

"ತಿನ್ನಬಹುದಾ?"

"ತಿನ್ನಬಹುದು ಅಪ್ಪಾಜಿ."

ಅವರು ಬಾಗಿಲ ಕಡೆ ನೋಡಿದರು. ಮುದ್ದೆಯ ಒಂದು ತುಣುಕು ಮುರಿದು ಸಾರಿನಲ್ಲಿ ಅದ್ದಿ ನುಂಗಿದರು. ಕಣ್ಣು ಮುಚ್ಚಿದರು. ಮತ್ತೊಂದು ತುತ್ತು. ನಾಲ್ಕು ತುತ್ತಾದ ಮೇಲೆ ಅವಳ ಕಡೆ ಬಾಗಿ, ಗುಟ್ಟು ಹೇಳುವವರ ಹಾಗೆ ಧ್ವನಿ ತಗ್ಗಿಸಿದರು.

"ನನ್ನ ಮಗಳಿಗೆ ಹೇಳಬೇಡಿ ಅಮ್ಮಾ."

ನೇತ್ರಾಳ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

"ಒಳ್ಳೆಯವಳು ನನ್ನ ಮಗಳು," ಅಂದರು ಅವರು. "ಹೊಳೆನರಸೀಪುರದಲ್ಲಿ ಟೀಚರು. ನಾನು ಹೀಗೆ ತಿಂದೆ ಅಂತ ಗೊತ್ತಾದ್ರೆ ಅಳ್ತಾಳೆ. ಅವ್ವನ್ನ ಕಳ್ಕೊಂಡಿರೋ ಮಗು ಅದು. ಅಳಿಸಬಾರದು."

"ಹೇಳಲ್ಲ," ಅಂದಳು ನೇತ್ರಾ.

ಮೊದಮೊದಲು ಅವಳು ಅವರ ಮುಖ ತನ್ನ ಕಡೆ ತಿರುಗಿಸಿಕೊಂಡು, ನಾನೇ ನೇತ್ರಾ, ನಾನೇ ನಿಮ್ಮ ಮಗಳು, ನೀವು ಏನು ಬೇಕಾದರೂ ತಿನ್ನಿ ಎಂದು ಹೇಳಿ ನೋಡಿದಳು. ಹಾಗೆಂದಾಗಲೆಲ್ಲ ಅವರು ಬೆದರಿ ತಟ್ಟೆಯಿಂದ ಕೈ ಹಿಂದಕ್ಕೆ ತೆಗೆದುಬಿಡುತ್ತಿದ್ದರು. ಒಂದು ಸಲ ಬಾಯಲ್ಲಿದ್ದ ತುತ್ತನ್ನು ಅಂಗೈಗೆ ಉಗುಳಿ ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು. ಅಂದಿನಿಂದ ಅವಳು ಹೇಳುವುದನ್ನು ಬಿಟ್ಟಳು. ಊಟದ ಹೊತ್ತಿನಲ್ಲಿ ಅವರಿಗೆ ಮಗಳಿಲ್ಲದಿದ್ದರೇ ಹೊಟ್ಟೆ ತುಂಬುತ್ತಿತ್ತು.

ಲಕ್ಷ್ಮಿದೇವಮ್ಮ ದಿನವೂ ಬರುತ್ತಾಳೆ. ಅವಳು ಎದುರಿಗೆ ಕೂತು ತಾನೂ ಒಂದು ತುತ್ತು ಬಾಯಿಗಿಟ್ಟುಕೊಂಡರೆ ಅಣ್ಣ ಇನ್ನೊಂದು ತುತ್ತು ಹೆಚ್ಚು ತಿನ್ನುತ್ತಾರೆ. ಮಾಘ ಬರುವ ಹೊತ್ತಿಗೆ ಕೆನ್ನೆ ಸ್ವಲ್ಪ ತುಂಬಿತು. ಮೂರು ತಿಂಗಳ ಸರಾಸರಿ ಏಳೂವರೆ ಎಂದು ವರದಿ ಬಂತು. ಡಾಕ್ಟರು ಬಹಳ ಚೆನ್ನಾಗಿದೆ ಅಂದರು. ನೇತ್ರಾ ಆ ಕಾಗದವನ್ನು ಮಡಿಸಿ ಫೈಲಿನಲ್ಲಿಟ್ಟಳು. ಯಾರಿಗೂ ತೋರಿಸಲಿಲ್ಲ.

ಮೊನ್ನೆ ಮಧ್ಯಾಹ್ನ ಅವರೆಕಾಳಿನ ಹುಳಿ ಮಾಡಿದ್ದಳು. ಷಡಕ್ಷರಿಯವರು ಪೂರ್ತಿ ಉಂಡರು. ಬೆರಳ ತುದಿಯಲ್ಲಿ ತಟ್ಟೆ ಸವರಿ, ಅವರೆಕಾಳು ಎಳೆಯದು, ಈ ಕಡೆಯ ಹೊಲದ್ದಲ್ಲ ಅಂದರು. ಅಂಗಡಿ ಮುಚ್ಚಿದ ಮೇಲೆ ಅವರ ಬಾಯಿಂದ ಅಂಥ ಮಾತು ಬಂದಿರಲಿಲ್ಲ. ಆಮೇಲೆ ಏನೋ ಜ್ಞಾಪಕ ಬಂದವರ ಹಾಗೆ ಗೋಡೆ ಗಡಿಯಾರದ ಕಡೆ ನೋಡಿದರು.

"ನನ್ನ ಮಗಳು ಬರೋದು ಎಷ್ಟು ಹೊತ್ತಿಗೆ ಅಮ್ಮಾ?"

"ಆರಕ್ಕೆ. ರೈಲು ಬಂದ ಮೇಲೆ."

"ಅಷ್ಟರೊಳಗೆ ತಟ್ಟೆ ತೊಳೆದಿಟ್ಟುಬಿಡಿ," ಅಂದರು. "ಸಾರಿನ ವಾಸನೆ ಉಳೀಬಾರದು."

ನೇತ್ರಾ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಎರಡು ಸಲ ಸೋಪು ಹಾಕಿ ಉಜ್ಜಿದಳು, ಒರೆಸಿದಳು, ತಂದು ಅವರ ಮುಂದೆ ಹಿಡಿದಳು. ಅವರು ಅದನ್ನು ಮೂಗಿನ ಹತ್ತಿರ ತಂದು ನೋಡಿ, ಸರಿಯಾಗಿದೆ ಎನ್ನುವಂತೆ ತಲೆಯಾಡಿಸಿದರು. ಆಮೇಲೆ ಗೋಡೆಗೆ ಒರಗಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ನೆಮ್ಮದಿಯಾಗಿ ನಿದ್ದೆ ಹೋದರು.